ಹದಿನಾಲ್ಕನೇ ಸ್ಲೈಡು

ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾಗ ಕೂತೇ ಇದ್ದವಳು ಸುವರ್ಣಾ ಒಬ್ಬಳೇ.

ಎದುರಿನ ದೊಡ್ಡ ಪರದೆಯ ಮೇಲೆ ಅವಳ ಅವ್ವ ಲಕ್ಷ್ಮವ್ವ ಮಲಗಿದ್ದಳು. ಚಾಪೆಯ ಮೇಲೆ, ಬಾಯಿ ಅರ್ಧ ತೆರೆದು, ಒಂದು ಕೈ ಸೊಂಟಕ್ಕೆ ಒತ್ತಿಕೊಂಡು. ಒಡೆದ ಹಿಮ್ಮಡಿಗಳು ನೇರ ಕ್ಯಾಮೆರಾದ ಕಡೆಗಿದ್ದವು. ಮನೆಯಲ್ಲಿ ಯಾರ ಕಣ್ಣಿಗೂ ಬೀಳದ ಆ ಬಿರುಕುಗಳು ಪರದೆಯ ಮೇಲೆ ಒಂದೊಂದೂ ಮೊಳದುದ್ದ ಕಾಣುತ್ತಿದ್ದವು.

ಪರದೆಯ ಪಕ್ಕದಲ್ಲಿ ಮೈಕ್ ಹಿಡಿದು ನಿಂತಿದ್ದವನು ಮಧ್ವೇಶ್.

“ಹನ್ನೆರಡು ವರ್ಷದಿಂದ ಗಾರ್ಮೆಂಟ್ಸ್‌ನಲ್ಲಿ ಹೊಲೀತಿರೋ ಬಡ ತಾಯಿ ಇವರು,” ಎಂದು ಅವನು ಈಗಷ್ಟೇ ಮುಗಿಸಿದ್ದ. ಕೊನೆಕೊನೆಗೆ ಅವನ ದನಿ ನಡುಗಿತ್ತು. “ನೆಟ್ಟಗೆ ಕೂತ್ಕೊಳ್ಳೋಕೆ ಒಂದು ಸೀಟು ಇವರಿಗೆ ಯಾರೂ ಕೊಡ್ಲಿಲ್ಲ. ಕೊಟ್ಟಿದ್ದು ಇವರ ಮಗಳು. ಆ ಮಗಳು ನನ್ನ ಪಾರ್ಟ್ನರ್. ಇಲ್ಲೇ, ನಾಲ್ಕನೇ ಸಾಲಲ್ಲಿ ಕೂತಿದ್ದಾಳೆ.”

ಮುನ್ನೂರು ತಲೆಗಳು ನಾಲ್ಕನೇ ಸಾಲಿನ ಕಡೆ ತಿರುಗಿದವು. ತೀರ್ಪುಗಾರರಲ್ಲಿ ಒಬ್ಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಪಕ್ಕದಲ್ಲಿ ಕೂತಿದ್ದ ಗೆಳತಿ ದೀಪ್ತಿ ಸುವರ್ಣಾಳ ಭುಜ ಹಿಡಿದಳು.

“ಅಳು ಬರ್ತಿದ್ಯೇನೇ?”

“ಇಲ್ಲ,” ಎಂದಳು ಸುವರ್ಣಾ. “ಬಿಡು. ದಾರಿ ಬಿಡು.”

ಸ್ಲೈಡುಗಳು ಇದ್ದದ್ದು ಹದಿಮೂರು. ಒಂದೊಂದನ್ನೂ ಅವಳೂ ಅವನೂ ಸೇರಿ ಮಾಡಿದ್ದರು. ಹದಿನಾಲ್ಕನೆಯದನ್ನು ಅವಳು ನೋಡಿದ್ದು ಈಗಲೇ, ಎಲ್ಲರ ಜೊತೆಗೆ.

*

ಉಲ್ಲಾಳದ ಹತ್ತಿರದ ಆ ಕಾಲೇಜಿನಲ್ಲಿ ಬಿಬಿಎ ಓದುವವರು ಹಲವರು. ಅದರಲ್ಲಿ ಎಂಟರ್‌ಪ್ರೆನ್ಯೂರ್‌ಶಿಪ್ಪನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡವರು ಇಪ್ಪತ್ತಾರು ಜನ. ‘ಅದನ್ನ ಓದಿದ್ರೆ ಏನು ಕೆಲಸ ಸಿಗುತ್ತಮ್ಮಾ?’ ಎಂದು ಹೆಗ್ಗನಹಳ್ಳಿಯ ಬೀದಿಯಲ್ಲಿ ಕೇಳದವರಿಲ್ಲ. ‘ಕೆಲಸ ಸಿಗಲ್ಲ ಆಂಟಿ, ಕೆಲಸ ಕೊಡೋದು ಹೇಗೆ ಅಂತ ಹೇಳಿಕೊಡ್ತಾರೆ’ ಎಂದು ಸುವರ್ಣಾ ಹೇಳಿದರೆ ಅವರು ಲಕ್ಷ್ಮವ್ವನ ಕಡೆ ಮರುಕದಿಂದ ನೋಡುತ್ತಿದ್ದರು.

ಮೊದಲ ದಿನ ಕಾಂತರಾಜು ಸಾರ್ ಒಬ್ಬೊಬ್ಬರನ್ನೇ ಎಬ್ಬಿಸಿ, ಈ ವಿಷಯ ಯಾಕೆ ಆರಿಸಿಕೊಂಡಿರಿ ಎಂದು ಕೇಳಿದ್ದರು. ರಾಜಾಜಿನಗರದ ಮಧ್ವೇಶ್ ಎಂಬ ಉದ್ದ ಹುಡುಗ ಐದು ನಿಮಿಷ ಭಾಷಣ ಮಾಡಿದ. ಕನಸು ಅಂದ, ರಿಸ್ಕ್ ಅಂದ, ಬದಲಾವಣೆ ಅಂದ. ಆಮೇಲೆ ಸುವರ್ಣಾಳ ಸರದಿ.

“ಬಿ.ಕಾಂ. ಸೀಟು ಮುಗಿದುಹೋಗಿತ್ತು ಸಾರ್,” ಎಂದಳು ಅವಳು.

ಕ್ಲಾಸು ನಕ್ಕಿತು. ಎಲ್ಲರಿಗಿಂತ ಜೋರಾಗಿ, ಡೆಸ್ಕಿನ ಮೇಲೆ ತಲೆಯಿಟ್ಟು ನಕ್ಕವನು ಅವನೇ. ಅವಳು ತಿರುಗಿ ಕಣ್ಣಲ್ಲೇ ಸುಡುವಂತೆ ನೋಡಿದಳು. ಅವನು ನಗು ನಿಲ್ಲಿಸಿದ. ಆದರೆ ನೋಡುವುದನ್ನು ನಿಲ್ಲಿಸಲಿಲ್ಲ.

ಎರಡು ವರ್ಷ ಹಾಗೇ ನಡೆಯಿತು. ಅವಳನ್ನು ಅವನು ‘ಸಿಇಒ ಮೇಡಂ’ ಎನ್ನುತ್ತಿದ್ದ. ಅವಳು ಅವನನ್ನು ‘ಭಾಷಣ’ ಎನ್ನುತ್ತಿದ್ದಳು. ಅವನ ಮನೆಗೆ ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿದರೆ ಸುಲಭ. ಆದರೂ ಅವನು ಸುಂಕದಕಟ್ಟೆಯ ಬಸ್ಸಿಗೇ ಹತ್ತುತ್ತಿದ್ದ. “ಈ ಕಡೆ ಗಾಳಿ ಚೆನ್ನಾಗಿದೆ,” ಎನ್ನುತ್ತಿದ್ದ, ಕಿಟಕಿಯಿಂದ ಬರುವ ಧೂಳಿಗೆ ಕಣ್ಣು ಉಜ್ಜಿಕೊಳ್ಳುತ್ತಾ. ಅವಳು ಮುಖ ತಿರುಗಿಸಿ ನಗುತ್ತಿದ್ದಳು. ಕಿಟಕಿಯ ಗಾಜಿನಲ್ಲಿ ಆ ನಗು ಅವನಿಗೆ ಕಾಣುತ್ತಿತ್ತೆಂದು ಅವಳಿಗೂ ಗೊತ್ತಿತ್ತು.

ಐದನೇ ಸೆಮಿಸ್ಟರಿನಲ್ಲಿ ಇಬ್ಬಿಬ್ಬರು ಸೇರಿ ನಿಜವಾದ ಒಂದು ವ್ಯಾಪಾರ ಶುರುಮಾಡಬೇಕು ಎಂದಾಗ ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಇಬ್ಬರ ಹೆಸರೂ ಒಂದೇ ಹಾಳೆಯಲ್ಲಿ ಸೇರಿಕೊಂಡವು. ದಿನವಿಡೀ ಸ್ಟೂಲಿನ ಮೇಲೆ ಕೂತು ಹೊಲಿಯುವವರಿಗೆ ಒಂದು ದಿಂಬು ಅವರ ಸರಕು. ಹಿಂದೆ ದಪ್ಪ, ಮುಂದೆ ತೆಳು. ಒಳಗೆ ಗಾರ್ಮೆಂಟ್ಸಿನಲ್ಲಿ ಕತ್ತರಿಸಿ ಬಿಸಾಡುವ ಜೀನ್ಸ್ ಚಿಂದಿ. ಸ್ಟೂಲಿಗೆ ಬಿಗಿಯಾಗಿ ಕಟ್ಟಲು ನಾಲ್ಕು ಲಾಡಿ. ಕೂತರೆ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಪಿಚ್ಚಿನಲ್ಲಿ, ಅಂದರೆ ತೀರ್ಪುಗಾರರ ಮುಂದೆ ವ್ಯಾಪಾರವನ್ನು ವಿವರಿಸುವ ಈ ಸ್ಪರ್ಧೆಯಲ್ಲಿ, ಗೆದ್ದವರು ಎರಡನೇ ಸುತ್ತಿಗೆ. ಅಲ್ಲೂ ಗೆದ್ದರೆ ಒಂದು ವರ್ಷ ಕೆಲಸ ಮಾಡಲು ಕ್ಯಾಂಪಸ್ಸಿನಲ್ಲೇ ಒಂದು ಕೋಣೆ, ನಾಲ್ಕು ಹೊಲಿಗೆ ಮಷೀನು.

ಆ ಕೋಣೆಗಾಗಿ ಸುವರ್ಣಾ ನಾಲ್ಕು ತಿಂಗಳು ಬೆವರು ಸುರಿಸಿದ್ದಳು.

*

ಸಭಾಂಗಣದ ಹಿಂದಿನ ಹೊಂಗೆ ಮರದ ಕೆಳಗೆ ಅವನು ಅವಳನ್ನು ಹಿಡಿದ. ಓಡಿ ಬಂದಿದ್ದರಿಂದ ಏದುಸಿರು. ಕೈಯಲ್ಲಿ ಬಹುಮಾನದ ಗಾಜಿನ ಫಲಕ, ಮುಖದ ತುಂಬ ಬೆಳಕು.

“ಫಸ್ಟ್ ಕಣೇ! ಫಸ್ಟ್! ಸಿಇಒ ಮೇಡಂ, ಎಲ್ಲಿ ಓಡ್ತಿದ್ದೀರಿ? ಜಡ್ಜ್ ನಿನ್ನನ್ನೇ ಕೇಳ್ತಿದ್ದಾರೆ.”

“ಆ ಫೋಟೋ ಯಾಕೆ ಹಾಕ್ದೆ?”

“ಸರ್ಪ್ರೈಸ್! ಬೆಳಗ್ಗೆ ಹೊಳೀತು. ನೋಡಿದ್ಯಾ, ಹೇಗೆ ಎದ್ದು ನಿಂತ್ರು...”

“ಮಧ್ವೇಶ್, ಆ ಫೋಟೋ ನಾನು ನಿನಗೆ ಯಾಕೆ ಕಳಿಸಿದ್ದೆ?”

ಅವಳು ಅವನನ್ನು ಪೂರ್ತಿ ಹೆಸರಿನಿಂದ ಕರೆದದ್ದು ಅದೇ ಮೊದಲು. ಅವನ ನಗು ಅರ್ಧಕ್ಕೆ ನಿಂತಿತು.

“ದಿಂಬಿನ ಅಳತೆ ನೋಡು ಅಂತ ಕಳಿಸಿದ್ದೆ. ಫೋಟೋದ ಬಲಗಡೆ ದಿಂಬಿತ್ತು. ಅದನ್ನ ಕತ್ತರಿಸಿ ಬಿಸಾಕಿ ಅವ್ವನ್ನ ಮಾತ್ರ ಇಟ್ಕೊಂಡಿದ್ದೀಯ. ಏನನ್ನ ಮಾರ್ತಿದ್ದೀವೋ ನಾವು? ದಿಂಬನ್ನಾ, ನಮ್ಮವ್ವನ್ನಾ?”

“ಹಾಗಲ್ಲ ಕಣೇ... ಕಾಂತರಾಜು ಸಾರ್ ಹೇಳೋದೇ ಅದಲ್ವಾ? ಜನ ಪ್ರಾಡಕ್ಟ್ ತಗೊಳ್ಳಲ್ಲ, ಅದರ ಹಿಂದಿರೋ ಕಥೆ ತಗೋತಾರೆ ಅಂತ. ನಾನು ಸುಳ್ಳೇನು ಹೇಳ್ಲಿಲ್ಲವಲ್ಲ.”

“ಕಥೆ ಬೇಕಿದ್ರೆ ನಿಂದು ಹೇಳ್ಬೇಕಿತ್ತು. ನಿಮ್ಮಪ್ಪನ ಫೋಟೋ ಹಾಕ್ಬೇಕಿತ್ತು.”

ಹೇಳಬಾರದ್ದನ್ನು ಹೇಳಿಬಿಟ್ಟೆ ಎಂದು ಅವಳಿಗೇ ಅನಿಸಿತು. ಮಧ್ವೇಶನ ಅಪ್ಪ ವೆಂಕಟಗಿರಿಯವರಿಗೆ ರಾಜಾಜಿನಗರದಲ್ಲಿ ಇಪ್ಪತ್ತೆರಡು ವರ್ಷ ಬಟ್ಟೆ ಅಂಗಡಿ ಇತ್ತು. ನಡೆಸಲಾಗದೆ ಬೇರೆಯವರಿಗೆ ಬಿಟ್ಟುಕೊಟ್ಟರು. ಹೊಸ ಮಾಲೀಕರು ಅದೇ ಅಂಗಡಿಯಲ್ಲಿ ಅವರನ್ನು ಸೇಲ್ಸ್‌ಮನ್ ಆಗಿ ಇಟ್ಟುಕೊಂಡರು. ತಾವೇ ಹಾಕಿಸಿದ ಕೌಂಟರಿನ ಹಿಂದೆ, ಕೊರಳಿಗೆ ಹೆಸರಿನ ಪಟ್ಟಿ ತಗುಲಿಸಿಕೊಂಡು ಅವರು ಸೀರೆ ಬಿಚ್ಚಿ ತೋರಿಸುತ್ತಿದ್ದರು. ಇದನ್ನು ಅವನು ಇಡೀ ಕಾಲೇಜಿನಲ್ಲಿ ಹೇಳಿದ್ದು ಅವಳೊಬ್ಬಳಿಗೆ. ಬಸ್ಸಿನಲ್ಲಿ, ಕಿಟಕಿಯಾಚೆ ನೋಡುತ್ತಾ.

ಅವನು ಕೈಯಲ್ಲಿದ್ದ ಫಲಕವನ್ನು ಕಟ್ಟೆಯ ಮೇಲೆ ಇಟ್ಟ.

“ಕೇಳ್ದೆ ಕಣೇ,” ಎಂದ ಮೆಲ್ಲಗೆ. “ಹೋದ ವಾರ. ನಿಮ್ಮ ಅಂಗಡಿ ಕಥೆ ಹೇಳ್ಲಾ ಅಂತ. ಅಪ್ಪ ಬೇಡ ಅಂದ್ರು.”

ಸುವರ್ಣಾಳಿಂದ ಬಂದ ದನಿ ಅವಳದೇ ಎನಿಸಲಿಲ್ಲ, ಅಷ್ಟು ತಣ್ಣಗಿತ್ತು.

“ಅಂದ್ರೆ, ನಿಮ್ಮಪ್ಪನ್ನ ಕೇಳ್ಬೇಕು ಅಂತ ನಿನಗೆ ಹೊಳೀತು.”

“ಸುವರ್ಣಾ...”

“ಅವರು ಬೇಡ ಅಂದ್ರು, ನೀನು ಸುಮ್ಮನಾದೆ. ನಮ್ಮವ್ವನ್ನ ಕೇಳ್ಬೇಕು ಅಂತ ಮಾತ್ರ ಹೊಳೀಲಿಲ್ಲ.”

ಅವಳು ಹೊರಟುಹೋದಳು. ಅಂದು ಸುಂಕದಕಟ್ಟೆ ಬಸ್ಸಿನಲ್ಲಿ ಅವಳ ಪಕ್ಕದ ಸೀಟಿನಲ್ಲಿ ಯಾರೋ ಹೂವಿನ ಬುಟ್ಟಿ ಇಟ್ಟರು.

*

ಕಾಲೇಜಿನವರು ಆ ವಿಡಿಯೋವನ್ನು ತಮ್ಮ ಪೇಜಿಗೆ ಹಾಕಿದರು. ಮೂರೇ ದಿನಕ್ಕೆ ಅದು ಲಕ್ಷ್ಮವ್ವ ಕೆಲಸ ಮಾಡುವ ಫ್ಯಾಕ್ಟರಿಯ ಸೂಪರ್‌ವೈಸರನ ಫೋನಿಗೂ ಬಂತು.

ಗುರುವಾರ ಸಂಜೆ ಲಕ್ಷ್ಮವ್ವ ಮನೆಗೆ ಬಂದವಳೇ ಚೀಲವನ್ನು ಮೂಲೆಗೆಸೆದಳು. ಕುಷ್ಟಗಿ ಕಡೆಯಿಂದ ಬಂದು ಹದಿನೈದು ವರ್ಷವಾಗಿದ್ದರೂ ಅವಳ ಮಾತು ಬೆಂಗಳೂರಿನದಾಗಿರಲಿಲ್ಲ.

“ನನ್ನ ಮಷೀನಿನಿಂದ ಎಬ್ಬಿಸಿದರು,” ಎಂದಳು. “‘ನಿನಗ ಸೊಂಟನೋವಂತಲ್ಲವ್ವ, ಲೋಕಕ್ಕೆಲ್ಲ ಗೊತ್ತಾಗೇತಿ, ನೀ ಕುಂದ್ರಬ್ಯಾಡ’ ಅಂತ ಆ ಸೂಪರ್‌ವೈಸರ್ ಲೈನಿನ್ಯಾಗ ಕುಂತವರನ್ನೆಲ್ಲ ನಗಿಸಿದ. ನಾಳಿಂದ ದಾರ ಕತ್ತರಿಸಾಕ ನಿಂದ್ರಬೇಕಂತ. ಹೆಲ್ಪರ್ ಹುಡುಗ್ಯಾರ ಜೋಡಿ.”

ಸುವರ್ಣಾ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಅವ್ವ ಕಾಲರ್ ಕೂರಿಸುವವಳು. ಆ ಲೈನಿನಲ್ಲಿ ಅವಳಷ್ಟು ಚಂದ ಕಾಲರ್ ಕೂರಿಸುವವರು ಬೇರೆ ಇರಲಿಲ್ಲ. ಎಕ್ಸ್‌ಪೋರ್ಟ್ ಶರ್ಟು ಬಂದರೆ ಮೊದಲು ಅವಳನ್ನೇ ಕೂಗುತ್ತಿದ್ದರು.

“ಅವ್ವಾ, ಆ ಫೋಟೋ ಹಾಕಿದ್ದು ನಾನಲ್ಲ. ಅವನು. ನನಗೆ ಗೊತ್ತೇ ಇರಲಿಲ್ಲ. ಅವನ ಜೊತೆ ಮಾತು ಬಿಟ್ಟಿದ್ದೀನಿ.”

“ಫೋಟೋ ಅವ ಹಾಕಿದ. ನೋಡಿದೆ. ಬಾಯಿ ತಕ್ಕೊಂಡು ಮಲಗಿದ್ದು, ಹಿಮ್ಮಡಿ ಒಡದದ್ದು, ಎಲ್ಲಾ ನೋಡಿದೆ. ಅವನ ಲೆಕ್ಕ ಬ್ಯಾರೆ.” ಲಕ್ಷ್ಮವ್ವ ಮಗಳ ಎದುರು ಬಂದು ಕೂತಳು. “‘ಮಗಳು ಕೊಟ್ಟಳು’ ಅಂದನಲ್ಲ ಅವ, ಅದನ್ನ ಅವಗ ಯಾರು ಹೇಳಿದರು?”

ಸುವರ್ಣಾ ಕೆಳಗಿಟ್ಟ ಲೋಟವನ್ನು ಮತ್ತೆ ಕೈಗೆತ್ತಿಕೊಂಡಳು.

“ಆ ದಿಂಬ ಹೊಲದವರು ಯಾರು? ಹೋದ ದಸರಾ ಸೂಟಿಯಾಗ, ಚಿಂದಿ ಆರಿಸಿ ತಂದು, ಮೂರು ಸಲ ಬಿಚ್ಚಿ, ಮೂರು ಸಲ ತುಂಬಿ, ಹಿಂದ ಇಷ್ಟು ದಪ್ಪ ಬೇಕು, ಮುಂದ ಇಷ್ಟ ತೆಳು ಬೇಕು ಅಂತ ಕುಂತು ಎದ್ದು ನೋಡಿದವರು ಯಾರು? ನೀ ಅಳತಿ ಬರಕೊಂಡಿ. ಬರಕೊಂಡವರು ಮಾಡಿದಂಗ ಆತೇನು?”

ಸುವರ್ಣಾಳ ಕಣ್ಣ ಮುಂದೆ ಮೂರನೇ ಸ್ಲೈಡು ಬಂದು ನಿಂತಿತು. ಅದನ್ನು ಅವಳೇ ಟೈಪ್ ಮಾಡಿದ್ದಳು. ‘ವಿನ್ಯಾಸ: ಸುವರ್ಣಾ’. ಟೈಪ್ ಮಾಡುವಾಗ ಕೈ ತಡೆದಿರಲಿಲ್ಲ. ಒಂದು ಪರೀಕ್ಷೆಯ ಉತ್ತರ ಬರೆದಷ್ಟು ಸಹಜವಾಗಿ ಬರೆದಿದ್ದಳು.

ಮಧ್ವೇಶನ ಮೇಲೆ ನಾಲ್ಕು ದಿನದಿಂದ ಉರಿಯುತ್ತಿದ್ದ ಸಿಟ್ಟು ಆರಲಿಲ್ಲ. ಅದಕ್ಕೆ ಇನ್ನೊಂದು ಬಾಯಿ ಹುಟ್ಟಿ ಅವಳ ಕಡೆಗೇ ತಿರುಗಿತು. ಅಂದು ಅವಳು ಉಣ್ಣಲಿಲ್ಲ. ಅವ್ವನೂ ಉಣ್ಣು ಎನ್ನಲಿಲ್ಲ.

*

ಮರುದಿನ ಕಾಂತರಾಜು ಸಾರ್ ಇಬ್ಬರನ್ನೂ ಸ್ಟಾಫ್ ರೂಮಿಗೆ ಕರೆಸಿದರು. ಒಳ್ಳೆಯ ಮನುಷ್ಯ, ವಿದ್ಯಾರ್ಥಿ ಗೆದ್ದರೆ ತಾವೇ ಗೆದ್ದಂತೆ ಓಡಾಡುವವರು.

“ಎರಡನೇ ಸುತ್ತು ಬರೋ ತಿಂಗಳು ಹತ್ತನೇ ತಾರೀಕು. ಆ ಕೊನೇ ಸ್ಲೈಡ್ ಇದೆಯಲ್ಲ, ಅದನ್ನ ಮೊದಲಿಗೆ ತನ್ನಿ. ಅಮ್ಮನ್ನ ಸ್ಟೇಜ್ ಮೇಲೆ ಕರ್ಕೊಂಡು ಬಂದ್ರೆ ಇನ್ನೂ...”

“ಆ ಸ್ಲೈಡ್ ಇರಲ್ಲ ಸಾರ್,” ಎಂದರು ಇಬ್ಬರೂ ಒಟ್ಟಿಗೆ.

ಸುವರ್ಣಾ ತಿರುಗಿ ನೋಡಿದಳು. ಮಧ್ವೇಶ್ ಅವಳ ಕಡೆ ನೋಡಲಿಲ್ಲ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

“ವಿಡಿಯೋನೂ ತೆಗೆಸಿ ಸಾರ್,” ಎಂದ ಅವನು. “ಇವತ್ತೇ. ಕೇಳದೇ ಹಾಕಿದ್ದು ಅದು. ಅವರನ್ನ ಮಷೀನಿಂದ ಎಬ್ಬಿಸಿದ್ದಾರಂತೆ. ದೀಪ್ತಿ ಹೇಳಿದ್ಳು.”

ಸಾರ್ ಒಪ್ಪಲಿಲ್ಲ. ಅಷ್ಟು ಜನ ನೋಡಿದ್ದಾರೆ, ಕಾಲೇಜಿಗೆ ಹೆಸರು ಬಂದಿದೆ ಎಂದರು. ಅವನು ಅಲ್ಲೇ ನಿಂತ. ಮಧ್ಯಾಹ್ನದವರೆಗೆ ಸ್ಟಾಫ್ ರೂಮು, ಪ್ರಿನ್ಸಿಪಾಲರ ಕೋಣೆ, ಕಂಪ್ಯೂಟರ್ ಲ್ಯಾಬು ಎಂದು ಅಲೆದ. ಎರಡು ಗಂಟೆಗೆ ಪೇಜಿನಿಂದ ವಿಡಿಯೋ ಹೋಯಿತು.

ಆಮೇಲೆ ಕ್ಯಾಂಟೀನಿನ ಮೆಟ್ಟಿಲ ಮೇಲೆ ಕೂತಿದ್ದ ಅವಳ ಹತ್ತಿರ ಬಂದು, ಎರಡು ಮೆಟ್ಟಿಲು ಕೆಳಗೆ ನಿಂತ.

“ಎರಡನೇ ಸುತ್ತಲ್ಲಿ ಸ್ಟೇಜ್ ಮೇಲೆ ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ ಕಣೇ. ಹೆಸರು ಹೇಳಲ್ಲ. ಆದ್ರೆ ನಾನು ತಪ್ಪು ಮಾಡ್ದೆ ಅಂತ...”

“ಆಹಾ!” ಸುವರ್ಣಾ ಎದ್ದು ನಿಂತಳು. “ಅದಕ್ಕೂ ಚಪ್ಪಾಳೆ ಬೀಳುತ್ತೆ. ಎಂಥ ಒಳ್ಳೆ ಹುಡುಗ ಅಂತಾರೆ. ನಮ್ಮವ್ವನ ನೋವಿಂದ ಒಂದು ಸಲ ಗೆದ್ದೆ, ನಿನ್ನ ಪಶ್ಚಾತ್ತಾಪದಿಂದ ಇನ್ನೊಂದು ಸಲ ಗೆಲ್ತೀಯಾ? ಕ್ಷಮೆನೂ ಪಿಚ್ ಮಾಡ್ತೀಯಲ್ಲೋ!”

ಅವನ ಕಿವಿಗಳು ಕೆಂಪಾದವು. “ಮತ್ತೆ ಏನು ಮಾಡ್ಲಿ ಹೇಳು.”

“ಅದನ್ನೂ ನಾನೇ ಹೇಳ್ಬೇಕಾ?”

ಅವನು ತಲೆ ತಗ್ಗಿಸಿದ. ಅವನನ್ನು ಹಾಗೆ ನೋಡಲು ಅವಳಿಗೆ ಆಗಲಿಲ್ಲ. ಆಗಲಿಲ್ಲವೆಂದೇ ಇನ್ನಷ್ಟು ಸಿಟ್ಟು ಬಂತು. ತಲೆ ಮೇಲೆತ್ತಿ ನಗು, ಏನಾದರೂ ಕೀಟಲೆ ಮಾಡು, ಸಿಇಒ ಮೇಡಂ ಅನ್ನು ಎಂದು ಒಳಗೆ ಯಾರೋ ಬೇಡುತ್ತಿದ್ದರು. ಹೊರಗೆ ಅವಳು ಬ್ಯಾಗು ಹೆಗಲಿಗೇರಿಸಿ ನಡೆದುಬಿಟ್ಟಳು.

ಸಂಜೆ ಅವನ ಫೋನು ಬಂತು. “ನಿಮ್ಮ ಅವ್ವನ್ನ ನೋಡೋಕೆ ಬರ್ಲಾ?”

“ನನ್ನ ಕೇಳ್ಬೇಡ.” ಅವಳು ಫೋನನ್ನು ಅವ್ವನ ಕೈಗಿಟ್ಟಳು. “ಅವನು. ಬರ್ಲಾ ಅಂತಿದ್ದಾನೆ.”

ಲಕ್ಷ್ಮವ್ವ ಫೋನನ್ನು ಕಿವಿಯಿಂದ ನಾಲ್ಕು ಬೆರಳು ದೂರ ಹಿಡಿದು ಅವನ ಮಾತನ್ನೆಲ್ಲ ಕೇಳಿಸಿಕೊಂಡಳು. ಕೊನೆಗೆ ಒಂದೇ ಮಾತು ಹೇಳಿದಳು.

“ಐತಾರ ಬಾ. ಮುಂಜಾನೆ ಒಂಬತ್ತಕ್ಕ. ಉಂಡು ಬರಬ್ಯಾಡ.”

*

ಭಾನುವಾರ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಅವನು ಹೆಗ್ಗನಹಳ್ಳಿಯ ಆ ಗಲ್ಲಿಯಲ್ಲಿದ್ದ. ಹಣ್ಣಿನ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗವಚಿಕೊಂಡಿದ್ದ.

“ತಪ್ಪಾಯ್ತು ಅಮ್ಮ,” ಎಂದ ಬಾಗಿಲಲ್ಲೇ. “ನಿಮ್ಮನ್ನ ಕೇಳದೇ...”

“ಮಾತು ಬ್ಯಾಡ. ಮಾತು ನಿನಗ ಭಾಳ ಬರತೈತಿ ಅಂತ ಗೊತ್ತಾಗೇತಿ. ಕುಂದ್ರು.”

ಕಿಟಕಿಯ ಪಕ್ಕ ಕಾಲಿನಿಂದ ತುಳಿಯುವ ಹೊಲಿಗೆ ಮಷೀನಿತ್ತು. ಅದರ ಮುಂದೆ ಬರಿಯ ಮರದ ಸ್ಟೂಲು. ದಿಂಬನ್ನು ಲಕ್ಷ್ಮವ್ವ ಮೊದಲೇ ಬಿಚ್ಚಿ ಪಕ್ಕಕ್ಕಿಟ್ಟಿದ್ದಳು.

“ಈ ಅರಿವೀ ಮ್ಯಾಲ ನೆಟ್ಟಗ ಗೆರಿ ಹೊಲಿ. ಒಂದರ ಪಕ್ಕ ಒಂದು. ನಾ ಸಾಕು ಅನ್ನೂತನಕ.”

ಅವನು ಕೂತ. ಮೊದಲ ಗೆರೆ ಹಾವಿನಂತೆ ಹೋಯಿತು. ಎರಡನೆಯದರಲ್ಲಿ ದಾರ ಹರಿಯಿತು. ಮೂರನೆಯದರಲ್ಲಿ ಸೂಜಿ ಮುರಿಯಿತು. ಲಕ್ಷ್ಮವ್ವ ಹೊಸ ಸೂಜಿ ಹಾಕಿಕೊಟ್ಟಳು.

ಸುವರ್ಣಾ ಹೊಸ್ತಿಲ ಹತ್ತಿರ ಕೂತು ಚಿಂದಿ ಕತ್ತರಿಸುತ್ತಿದ್ದಳು. ನೋಡಬಾರದೆಂದುಕೊಂಡರೂ ಕಣ್ಣು ಆ ಕಡೆಗೇ ಹೋಗುತ್ತಿತ್ತು. ಗೆರೆ ನೆಟ್ಟಗೆ ಬರಲೆಂದು ನಾಲಗೆಯ ತುದಿಯನ್ನು ತುಟಿಯ ಮೂಲೆಯಲ್ಲಿ ಕಚ್ಚಿ ಹಿಡಿದಿದ್ದ. ಬೆವರು ಕಿವಿಯ ಹಿಂದಿನಿಂದ ಕತ್ತಿಗೆ ಇಳಿಯುತ್ತಿತ್ತು. ಹತ್ತೂವರೆಯ ಹೊತ್ತಿಗೆ ಬೆನ್ನು ಬಾಗಿತು. ಹನ್ನೊಂದಕ್ಕೆ ಒಂದು ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಹೋದದ್ದು ಅವನಿಗೇ ತಿಳಿದು ಚಟ್ಟನೆ ತೆಗೆದುಬಿಟ್ಟ. ಆ ಕ್ಷಣದಲ್ಲಿ ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಇಬ್ಬರೂ ನಗಲಿಲ್ಲ. ಅವಳ ಕತ್ತರಿ ಮಾತ್ರ ಸ್ವಲ್ಪ ಹೊತ್ತು ನಿಂತಿತ್ತು.

ಒಂದೂವರೆಗೆ ಲಕ್ಷ್ಮವ್ವ ಸಾಕು ಎಂದಳು. ಅವನು ಏಳಲು ಹೋಗಿ ಅರ್ಧಕ್ಕೆ ನಿಂತು, ಮಷೀನು ಹಿಡಿದುಕೊಂಡು ಎದ್ದ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಬಡಿಸಿದಳು. ಅವನು ತಲೆಯೆತ್ತದೆ ಉಂಡ.

“ನಾ ಬಡವಿ ಹೌದೋ ತಮ್ಮಾ,” ಎಂದಳು ಲಕ್ಷ್ಮವ್ವ, ನಾಲ್ಕನೇ ರೊಟ್ಟಿ ಹಾಕುತ್ತಾ. “ಅದನ್ನ ಹೇಳಿದ್ದಕ್ಕ ಸಿಟ್ಟಿಲ್ಲ. ಆದ್ರ ಮಲಗಿದವರನ್ನ ತೋರಿಸಬಾರದು. ಎದ್ದು ಕುಂತಾಗ ತೋರಸು. ನಾ ಕಾಲರ್ ಕುಂದ್ರಸೂದು ನೀ ನೋಡೀಯೇನು?”

“ಇಲ್ಲ ಅಮ್ಮ.”

“ಉಂಡು ಕೈ ತೊಳಕೋ. ತೋರಸ್ತೀನಿ.”

ಅವಳು ತೋರಿಸಿದಳು. ದಿಂಬು ಕಟ್ಟಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು. ಬಟ್ಟೆ ಅವಳ ಬೆರಳುಗಳ ನಡುವೆ ನೀರಿನಂತೆ ತಿರುಗಿತು. ಅವನು ಪಕ್ಕದಲ್ಲಿ ಬಗ್ಗಿ ನಿಂತು ಕಣ್ಣು ಪಿಳುಕಿಸದೆ ನೋಡಿದ. ಜೇಬಿನಲ್ಲಿದ್ದ ಫೋನನ್ನು ಮುಟ್ಟಲಿಲ್ಲ. ಸುವರ್ಣಾ ಕೂಡ ನೋಡಿದಳು. ಹುಟ್ಟಿದಾಗಿನಿಂದ ಕಂಡದ್ದನ್ನು ಮೊದಲ ಸಲ ನೋಡುವಂತೆ.

“ಅವ್ವಾ,” ಎಂದಳು ಕೊನೆಗೆ. “ಆ ಸ್ಲೈಡಲ್ಲಿ ನನ್ನ ಹೆಸರು ಬರೆದಿದ್ದು ನಾನೇ. ತಪ್ಪಾಯ್ತು.”

“ಗೊತ್ತೈತಿ,” ಎಂದಳು ಲಕ್ಷ್ಮವ್ವ, ದಾರ ಕತ್ತರಿಸುತ್ತಾ. “ಅಳಿಸಿ ನಂದು ಬರಿ. ದೊಡ್ಡದಾಗಿ ಬರಿ.”

ಫ್ಯಾಕ್ಟರಿಗೆ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡುತ್ತೇವೆ ಎಂದು ಇಬ್ಬರೂ ಹೇಳಿದಾಗ ಅವಳು ಬೈದಳು. ನನ್ನ ಕೆಲಸ ನಾನು ಕೇಳಿಕೊಳ್ಳುತ್ತೇನೆ, ನಿಮ್ಮ ಓದು ನೀವು ನೋಡಿಕೊಳ್ಳಿ ಎಂದಳು. ಕೇಳಿಯೂ ಕೇಳಿದಳು, ಸೂಪರ್‌ವೈಸರ್ ನಕ್ಕ. ಹನ್ನೊಂದು ದಿನ ನಿಂತು ದಾರ ಕತ್ತರಿಸಿದಳು. ಹನ್ನೆರಡನೇ ದಿನ, ಸೊಟ್ಟ ಕಾಲರಿನ ಶರ್ಟುಗಳು ರಾಶಿರಾಶಿಯಾಗಿ ವಾಪಸು ಬಂದಾಗ ಅದೇ ಸೂಪರ್‌ವೈಸರ್ ಬಂದು ಮಷೀನು ತೋರಿಸಿ, “ಕೂತ್ಕೊಳಮ್ಮ” ಎಂದ. “ನನ್ನ ದಿಂಬ ಇದ್ರ ಕುಂದ್ರತೀನಿ,” ಎಂದಳು ಲಕ್ಷ್ಮವ್ವ. ಅಂದು ಫ್ಯಾಕ್ಟರಿಯೊಳಗೆ ಮೊದಲ ದಿಂಬು ಹೋಯಿತು. ಪಕ್ಕದ ಮಷೀನಿನ ಗಂಗಲಕ್ಷ್ಮಮ್ಮ ಅದರ ಮೇಲೆ ಐದು ನಿಮಿಷ ಕೂತು ನೋಡಿ, ತನಗೂ ಒಂದು ಬೇಕೆಂದಳು.

*

ಎರಡನೇ ಸುತ್ತಿನಲ್ಲಿ ಸ್ಲೈಡುಗಳು ಹದಿಮೂರೇ ಇದ್ದವು. ಮೊದಲನೆಯದರಲ್ಲಿ ದಿಂಬಿನ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ: ‘ವಿನ್ಯಾಸ: ಲಕ್ಷ್ಮವ್ವ, ಟೈಲರ್’. ಈ ಸಲ ಮಾತಾಡಿದವಳು ಸುವರ್ಣಾ. ಮಧ್ವೇಶ್ ವೇದಿಕೆಯ ಮೇಲೊಂದು ಸ್ಟೂಲು ತಂದಿಟ್ಟು, ಒಬ್ಬೊಬ್ಬ ತೀರ್ಪುಗಾರರನ್ನೂ ಮೊದಲು ದಿಂಬಿಲ್ಲದೆ, ಆಮೇಲೆ ದಿಂಬಿನ ಮೇಲೆ ಕೂರಿಸಿದ.

ಮೊದಲ ಸುತ್ತಿನಲ್ಲಿ ಕಣ್ಣೊರೆಸಿಕೊಂಡಿದ್ದ ಕನ್ನಡಕದವರು ಕೇಳಿದರು: “ಹೋದ ಸಲ ಒಂದು ಫೋಟೋ ಇತ್ತಲ್ಲಮ್ಮಾ? ಮನಸ್ಸಿಗೆ ತುಂಬಾ ತಟ್ಟಿತ್ತು.”

“ಅದು ನಮ್ಮದಲ್ಲ ಸಾರ್,” ಎಂದಳು ಸುವರ್ಣಾ.

ಕೋಣೆಯೂ ನಾಲ್ಕು ಮಷೀನುಗಳೂ ಬೇರೆ ತಂಡಕ್ಕೆ ಹೋದವು. ‘ಗೆದ್ದಿದ್ದ ಪಿಚ್ಚನ್ನ ಕೈಯಾರೆ ಹಾಳು ಮಾಡ್ಕೊಂಡ್ರಲ್ಲ’ ಎಂದು ಕಾಂತರಾಜು ಸಾರ್ ಹಣೆ ಚಚ್ಚಿಕೊಂಡರು.

ಉಲ್ಲಾಳದ ಬಸ್ ಸ್ಟಾಪಿನಲ್ಲಿ ಸಂಜೆಯ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಸುವರ್ಣಾ ಸ್ಟೂಲಿನ ಮೇಲೆ ದಿಂಬು, ದಿಂಬಿನ ಮೇಲೆ ಬ್ಯಾಗು ಇಟ್ಟುಕೊಂಡು ನಿಂತಿದ್ದಳು. ಮೂಗಿನ ತುದಿ ಕೆಂಪಾಗಿತ್ತು. ಮಧ್ವೇಶ್ ಒಂದು ಮಾರು ದೂರದಲ್ಲಿ ನಿಂತಿದ್ದ. ಆ ಭಾನುವಾರದ ನಂತರ ಅವನು ಅಷ್ಟೇ ದೂರದಲ್ಲಿ ನಿಲ್ಲುತ್ತಿದ್ದ.

“ಯಾಕೆ ಅಷ್ಟು ದೂರ ನಿಂತಿದ್ದೀಯ?” ಎಂದು ಅವಳು ಸಿಡುಕಿದಳು. “ನನಗೇನು ರೋಗ ಬಂದಿದ್ಯಾ?”

“ನಿನಗೆ ಇನ್ನೂ ಸಿಟ್ಟಿದೆ ಅಂತ...”

“ಇದೆ. ಇವತ್ತು ಇನ್ನೂ ಜಾಸ್ತಿ ಇದೆ. ಆ ಕನ್ನಡಕದವರ ಮೇಲೆ, ಸಾರ್ ಮೇಲೆ, ನನ್ನ ಮೇಲೆ. ಎಲ್ಲರಿಗಿಂತ ಹೆಚ್ಚು ನಿನ್ನ ಮೇಲೆ.”

“ಗೊತ್ತು.”

“ಗೊತ್ತಿಲ್ಲ ನಿನಗೆ!” ಪಕ್ಕದಲ್ಲಿದ್ದ ಇಬ್ಬರು ತಿರುಗಿ ನೋಡಿದರು. ಅವಳು ದನಿ ತಗ್ಗಿಸಿದಳು. ತಗ್ಗಿಸಿದಷ್ಟೂ ಅದು ನಡುಗಿತು. “ಆ ಕೆಲಸ ಬೇರೆ ಯಾರಾದ್ರೂ ಮಾಡಿದ್ರೆ ನಾಲ್ಕು ಮಾತು ಬೈದು ಮರೆತುಬಿಡ್ತಿದ್ದೆ ಕಣೋ. ನೀನು ಮಾಡಿದ್ಯಲ್ಲ. ನಮ್ಮ ಮನೆಯೊಳಗಿನದನ್ನೆಲ್ಲಾ ನಿನಗೊಬ್ಬನಿಗೇ ಅಲ್ವಾ ನಾನು ತೋರಿಸಿದ್ದು? ನಿನಗೊಬ್ಬನಿಗೇ. ಒಂದು ತಿಂಗಳಿಂದ ನಿದ್ದೆ ಇಲ್ಲ ನನಗೆ. ನಿನ್ನ ಬೈತಾ ಬೈತಾನೇ ಬೆಳಗಾಗುತ್ತೆ. ಬಸ್ಸಲ್ಲಿ ಪಕ್ಕದ ಸೀಟು ಖಾಲಿ ಇದ್ರೂ ಸಿಟ್ಟು, ಯಾರಾದ್ರೂ ಕೂತ್ರೂ ಸಿಟ್ಟು.”

ಮಧ್ವೇಶ್ ಅವಳನ್ನೇ ನೋಡಿದ. ಅರ್ಥ ನಿಧಾನವಾಗಿ ಅವನ ಮುಖಕ್ಕೆ ಬಂತು. ಮೊದಲು ಕಣ್ಣಿಗೆ, ಆಮೇಲೆ ಕೆಂಪಾಗುತ್ತಿದ್ದ ಕಿವಿಗಳಿಗೆ.

“ಸುವರ್ಣಾ, ಇದು...”

“ಸಿಟ್ಟು. ಹೇಳಿದ್ನಲ್ಲ.”

“ಬರೀ ಸಿಟ್ಟಾ?”

ಅವಳು ರಸ್ತೆಯ ಕಡೆ ನೋಡಿದಳು. “ಬರೀ ಸಿಟ್ಟಲ್ಲ,” ಎಂದಳು, ರಸ್ತೆಗೆ ಹೇಳುವಂತೆ.

ಭಾಷಣದ ಹುಡುಗ ಪದಗಳನ್ನು ಒಂದೊಂದಾಗಿ ಹುಡುಕಿದ. “ನನಗೆ ಮೊದಲ ದಿನದಿಂದಾನೇ... ಬಿ.ಕಾಂ. ಸೀಟು ಮುಗಿದುಹೋಗಿತ್ತು ಅಂದ್ಯಲ್ಲ, ಅವತ್ತಿಂದ. ಹೇಳೋಕೆ ಗೊತ್ತಾಗ್ಲಿಲ್ಲ. ನೀನು ಇಷ್ಟ ಕಣೇ. ತುಂಬಾ.” ಒಂದು ಹೆಜ್ಜೆ ಹತ್ತಿರ ಬಂದು ನಿಂತ. “ಕೈ ಹಿಡ್ಕೊಳ್ಲಾ?”

ಬಸ್ ಸ್ಟಾಪಿನ ತುಂಬ ಜನ. ಎಳನೀರಿನವನು, ಕಾಲೇಜಿನ ಜೂನಿಯರುಗಳು, ಮೊಮ್ಮಗುವನ್ನು ಎತ್ತಿಕೊಂಡಿದ್ದ ಒಬ್ಬ ಅಜ್ಜಿ. ಸುವರ್ಣಾ ಎಲ್ಲರನ್ನೂ ಒಮ್ಮೆ ನೋಡಿದಳು. ಆಮೇಲೆ ಅವನ ಎದುರಿಗೆ ತಿರುಗಿ, ಜಗಳಕ್ಕೆ ನಿಂತವಳಂತೆ ಕೈ ಚಾಚಿದಳು.

“ಹಿಡ್ಕೋ. ಆದ್ರೆ ಎಲ್ಲಾ ಸರಿಹೋಯ್ತು ಅಂದ್ಕೋಬೇಡ.”

ಬಸ್ಸು ಬಂತು. ಒಂದು ಕೈಯಲ್ಲಿ ಸ್ಟೂಲು, ಇನ್ನೊಂದರಲ್ಲಿ ಅವಳ ಕೈ ಹಿಡಿದು ಅವನು ಹತ್ತಿದ. ಕೂರಲು ಜಾಗವಿರಲಿಲ್ಲ. ಸುಂಕದಕಟ್ಟೆ ಬರುವವರೆಗೂ ನಿಂತುಕೊಂಡೇ ಅವಳು ಅವನನ್ನು ಬೈಯುತ್ತಿದ್ದಳು, ಮೊದಲಿನಿಂದ, ಒಂದನ್ನೂ ಬಿಡದೆ. ಅವನು ಒಂದೊಂದಕ್ಕೂ ತಲೆಯಾಡಿಸಿದ. ಅವಳು ಕೈ ಬಿಡಲಿಲ್ಲ.